ಬಸುರಿಯ ನಂಜಿನ ಪೂರ್ವವೃತ್ತಾಂತ

ತಮಿಳುನಾಡಿನ ಹಳೆಯ ದಾರಿಗಳ ಬದಿಯಲ್ಲಿ, ಸಾಲುಮರದ ನೆರಳಿಗೋ ಕೆರೆಯ ಏರಿಯ ತಿರುವಿಗೋ ಸಮೀಪವಾಗಿ, ಎರಡು ನಿಲುಗಲ್ಲುಗಳ ಮೇಲೆ ಒಂದು ಅಡ್ಡಗಲ್ಲನ್ನು ಹಾಸಿ ನಿಲ್ಲಿಸಿದ ಕಟ್ಟಣೆಯೊಂದು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತದೆ. ತಲೆಹೊರೆ ಹೊತ್ತು ಸಂತೆಗೆ ನಡೆಯುವವನು ಯಾರ ಕೈಯಾಸರೆಯನ್ನೂ ಬೇಡದೆ ಹೊರೆಯನ್ನು ಅದರ ಮೇಲೆ ಜಾರಿಸಿ, ತುಸು ಸುಧಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೋಗಲೆಂದು ಮಾಡಿದ ಏರ್ಪಾಡು ಅದು. ಅಲ್ಲಿಯವರು ಅದನ್ನು ಸುಮೈತಾಂಗಿ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಹೊರೆಗಲ್ಲು. ತಮಿಳು ಸೀಮೆಯ ಹಲವು ಕಡೆ ಈ ಕಲ್ಲನ್ನು ನೆಡಿಸುತ್ತಿದ್ದವರು ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣಿನ ಮನೆಯವರು. ಇಳಿಸಲಾಗದ ಹೊರೆಯೊಡನೆ ಹೋದ ಜೀವಕ್ಕೆ, ದಾರಿಹೋಕರ ಹೊರೆ ಇಳಿದಾಗಲೆಲ್ಲ ಕೊಂಚ ಶಾಂತಿ ದೊರೆಯುವುದೆಂಬುದು ಅವರ ನಂಬಿಕೆಯಾಗಿದ್ದಿತು.

ಒಂದು ಬಗೆಯ ಸಾವಿಗಾಗಿಯೇ ಒಂದು ಬಗೆಯ ಕಲ್ಲು ಏರ್ಪಡಬೇಕಾದರೆ ಆ ಸಾವು ಅಪರೂಪದ್ದಾಗಿರಲಾರದು. ಹೆರಿಗೆಯ ನೋವಿನಲ್ಲಿ ಎರಡು ಮೂರು ದಿನ ತೊಳಲಿ ಸತ್ತವಳ ಸಂಕಟಕ್ಕೆ ಮನೆಯವರೆಲ್ಲ ಸಾಕ್ಷಿಯಾಗಿರುತ್ತಿದ್ದರು. ಹೆತ್ತ ಮೇಲೆ ರಕ್ತ ಹರಿದು ಸತ್ತವಳ ಮರಣಕ್ಕೂ ಕಣ್ಣಿಗೆ ಕಾಣುವ ಕಾರಣವೊಂದಿರುತ್ತಿದ್ದಿತು. ಆದರೆ ಹಿಂದಿನ ಸಂಜೆಯವರೆಗೂ ನೀರು ಸೇದಿ, ಅಡುಗೆ ಮಾಡಿ, ಎಲ್ಲರೊಡನೆ ಮಾತನಾಡಿಕೊಂಡಿದ್ದ ಎಂಟು ತಿಂಗಳ ಬಸುರಿ, ನೋವು ಬರುವ ಮೊದಲೇ, ಬೆಳಗಿನ ಜಾವದಲ್ಲಿ ಕಣ್ಣು ಮೇಲಕ್ಕೆ ಸಿಕ್ಕಿಸಿ, ಹಲ್ಲು ಕಚ್ಚಿ, ಮೈಯೆಲ್ಲ ಸೆಟೆದು ಅದುರಿ, ಎಚ್ಚರ ತಪ್ಪಿ ಮಲಗಿದವಳು ಮತ್ತೆ ಏಳದೆ ಹೋದಾಗ, ಅದಕ್ಕೆ ಕಾರಣ ಹೇಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಗಾಳಿ ಸೋಕಿತೆಂದರು, ಗ್ರಹ ಬಡಿಯಿತೆಂದರು, ಮುಸ್ಸಂಜೆಯಲ್ಲಿ ಹುಣಿಸೆಯ ಮರದ ಕೆಳಗೆ ಹೋಗಿದ್ದಳೆಂದರು. ವೈದ್ಯರು ಎಕ್ಲಾಂಪ್ಸಿಯ ಎಂದು ಕರೆಯುವ, ಕನ್ನಡದಲ್ಲಿ ಬಸುರಿಯ ನಂಜು ಎಂದು ಹೇಳಿಕೊಂಡು ಬಂದಿರುವ ಈ ವ್ಯಾಧಿಯನ್ನು ಕುರಿತೇ ನಾನಿಲ್ಲಿ ಬರೆಯಹೊರಟಿರುವುದು. ಇದು ಸಾಮಾನ್ಯವಾಗಿ ಹಠಾತ್ತಾಗಿ ಬರುವ ವ್ಯಾಧಿಯಲ್ಲ. ಬಹಳ ಸಲ ವಾರಗಟ್ಟಲೆ ಮೊದಲೇ ತನ್ನ ಬರವನ್ನು ಸಾರಿಕೊಂಡು ಬರುವ ವ್ಯಾಧಿ. ಆ ಸಾರುವಿಕೆಯನ್ನು ಕೇಳಿಸಿಕೊಳ್ಳುವ ಪದ್ಧತಿಯೊಂದನ್ನು ಮನುಷ್ಯನು ಕಂಡುಕೊಂಡು ಇನ್ನೂ ನೂರಿಪ್ಪತ್ತು ವರ್ಷ ಕಳೆದಿರುವುದಷ್ಟೆ.

ಆ ಮುನ್ಸೂಚನೆಗಳನ್ನು ಮೊದಲು ಹೇಳಿಬಿಡುತ್ತೇನೆ. ಚೊಚ್ಚಲ ಬಸುರಿಯರಲ್ಲಿ ಇದು ಹೆಚ್ಚು. ಐದನೆಯ ತಿಂಗಳು ಕಳೆದ ಮೇಲೆ, ಬಹಳವಾಗಿ ಕೊನೆಯ ಮೂರು ತಿಂಗಳುಗಳಲ್ಲಿ, ಸಂಜೆ ಬಾತು ಬೆಳಗಾಗುವಷ್ಟರಲ್ಲಿ ಇಳಿಯಬೇಕಾದ ಪಾದದ ಊತವು ಬೆಳಗಾದರೂ ಇಳಿಯದೆ ನಿಲ್ಲುತ್ತದೆ. ಕಾಲುಂಗುರವು ಬೆರಳಿನ ಮಾಂಸದೊಳಕ್ಕೆ ಹೂತು, ಅದನ್ನು ತಿರುಗಿಸಿದರೆ ಅಡಿಯಲ್ಲಿ ಬಿಳಿಯ ಗೆರೆಯೊಂದು ಕಾಣಿಸುತ್ತದೆ; ಹಿಂದೆ ಸಲೀಸಾಗಿ ಏರಿಳಿಯುತ್ತಿದ್ದ ಬಳೆಗಳು ಮಣಿಕಟ್ಟಿನಲ್ಲಿ ಅಲುಗದೆ ನಿಲ್ಲುತ್ತವೆ; ಮುಖ ತುಂಬಿಕೊಂಡು ಬಂದು, ಕಂಡವರು ‘ಬಸುರಿಯ ಕಳೆ’ ಎಂದು ಸಂತೋಷಪಡುತ್ತಾರೆ. ಎಲ್ಲ ಊತವೂ ನಂಜಲ್ಲ, ಊತವಿಲ್ಲದ ನಂಜೂ ಉಂಟು. ವಿಷಯ ತೊಡಕಾಗಿರುವುದು ಇದರಿಂದಲೇ. ಅನಂತರ ಹಣೆಯಲ್ಲಿ ಬಿಡದ ತಲೆನೋವು, ಕಣ್ಣಮುಂದೆ ಮಂಜು ಅಥವಾ ಕಿಡಿಗಳ ಹಾರಾಟ, ಎದೆಗುಳಿಯ ಕೆಳಗೆ ಬಲಗಡೆಗೆ ಹಿಂಡುವ ನೋವು. ಇದನ್ನು ಅಜೀರ್ಣವೆಂದು ಬಗೆದು ಓಮದ ಕಷಾಯ ಕುಡಿಸಿದ ಮನೆಗಳಿಗೆ ಲೆಕ್ಕವಿಲ್ಲ. ಅದಾದ ಮೇಲೆ ಸೆಳವು.

ಪ್ರಾಚೀನರು ಇದನ್ನು ನೋಡದೆ ಇರಲಿಲ್ಲ. ಬಸುರಿಯಲ್ಲಿ ತಲೆಭಾರ, ತಲೆನೋವು, ಸೆಳವುಗಳು ಕೂಡಿ ಬಂದರೆ ಕೇಡೆಂದು ಗ್ರೀಕರ ಹಿಪ್ಪೊಕ್ರಟೀಸನ ಹೆಸರಿನಲ್ಲಿರುವ ಗ್ರಂಥಸಮೂಹವು ಹೇಳುತ್ತದೆ. ನಮ್ಮ ಸುಶ್ರುತ ಸಂಹಿತೆಯು ನಿದಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ಅಡ್ಡ ಸಿಕ್ಕಿದ ಗರ್ಭಗಳ ವಿಚಾರವನ್ನು ಮುಗಿಸುತ್ತ, ನನ್ನ ಮನಸ್ಸನ್ನು ಎಂದೂ ಬಿಡದ ಒಂದು ಪ್ರಸಂಗವನ್ನು ಎತ್ತುತ್ತದೆ: ಹೆರುವ ಕಾಲ ಒದಗಿದ ಹೆಂಗಸು, ಉಸಿರು ಕಟ್ಟಿಸಿ ಕೊಂದ ಆಡಿನಂತೆ, ಇದ್ದಕ್ಕಿದ್ದಂತೆ ಸತ್ತು ಬಿದ್ದು, ಆಕೆಯ ಹೊಟ್ಟೆ ಮಾತ್ರ ಇನ್ನೂ ಮಿಡಿಯುತ್ತಿದ್ದರೆ, ವೈದ್ಯನು ಆ ಕ್ಷಣವೇ ಉದರವನ್ನು ಸೀಳಿ ಶಿಶುವನ್ನು ಎತ್ತತಕ್ಕದ್ದು ಎಂಬುದು ಅಲ್ಲಿಯ ವಿಧಿ. ಇಂಥ ವಿಧಿಯೊಂದು ಶಾಸ್ತ್ರದಲ್ಲಿ ಸೇರಬೇಕಾದರೆ ಅಂಥ ಸಾವನ್ನು ಕಣ್ಣಾರೆ ಕಂಡವರು ಇದ್ದಿರಲೇಬೇಕು. ಆ ಸಾವುಗಳಲ್ಲಿ ಯಾವುದು ನಂಜಿನದು, ಯಾವುದು ಹೃದಯದ್ದು ಎಂದು ಈಗ ನಾವು ವಿಂಗಡಿಸುವಂತಿಲ್ಲ. ತಾಯಿಯನ್ನು ಉಳಿಸುವ ಆಸೆಯನ್ನು ಅಲ್ಲಿ ಶಾಸ್ತ್ರವು ಬಿಟ್ಟುಕೊಟ್ಟಿದ್ದಿತು ಎಂಬುದು ಮಾತ್ರ ಸ್ಪಷ್ಟವಾಗಿದೆ.

ಹಾಗೆಂದು ಬಸುರಿಯನ್ನು ನಮ್ಮ ಸಮಾಜ ಉಪೇಕ್ಷಿಸಿತೆಂದು ಹೇಳುವುದು ಅನ್ಯಾಯವಾದೀತು. ಅದೇ ಸುಶ್ರುತನ ಶಾರೀರಸ್ಥಾನದಲ್ಲಿ ತಿಂಗಳು ತಿಂಗಳಿಗೆ ಬಸುರಿಯ ಆಹಾರವಿಹಾರಗಳ ನಿಯಮವಿದೆ. ಮನೆಗಳಲ್ಲಿಯಂತೂ ಸೀಮಂತ, ಉತ್ತರ ಕರ್ನಾಟಕದ ಕುಬಸ, ಕರಾವಳಿಯ ಬಯಕೆಯೂಟ, ಬಳೆ ತೊಡಿಸುವುದು, ಹೂ ಮುಡಿಸುವುದು, ಕೊನೆಗೆ ತವರಿನವರು ಬಂದು ಕರೆದೊಯ್ಯುವುದು, ಇವೆಲ್ಲ ಹೆಣ್ಣೊಬ್ಬಳನ್ನು ಆಕೆಯ ಬಾಳಿನಲ್ಲಿ ಮತ್ತೆಂದೂ ಕಾಣದಷ್ಟು ಅಕ್ಕರೆಯಿಂದ ಕಂಡ ಸಂದರ್ಭಗಳು. ಏಳನೆಯ ತಿಂಗಳಿನಲ್ಲಿ ಐದು ಜನ ಮುತ್ತೈದೆಯರು ಆಕೆಯ ಕೈಹಿಡಿದು ಬಳೆ ಏರಿಸುತ್ತಿದ್ದರು, ಪಾದಕ್ಕೆ ಅರಿಸಿನ ಹಚ್ಚುತ್ತಿದ್ದರು. ಊತವನ್ನು ಕಾಣಬೇಕಾದ ತಿಂಗಳು ಅದೇ, ಕಾಣಬೇಕಾದ ಅಂಗಗಳು ಅವೇ. ಅಷ್ಟು ಹತ್ತಿರ ಬಂದ ಆ ಪ್ರೀತಿಯ ದೃಷ್ಟಿಗೆ ಕಂಡದ್ದರ ಅರ್ಥ ತಿಳಿಯುವ ಉಪಾಯ ಇರಲಿಲ್ಲ ಎಂಬುದನ್ನು ನೆನೆದಾಗ ನನಗೆ ವ್ಯಥೆಯಾಗುತ್ತದೆ.

ಆ ಅರ್ಥ ಬಿಡಿಸಿದ್ದು ಲಂಡನ್ನಿನಲ್ಲಿ. ಅಲ್ಲಿಯ ಗೈಸ್ ಆಸ್ಪತ್ರೆಯಲ್ಲಿ ರಿಚರ್ಡ್ ಬ್ರೈಟ್ ಎಂಬ ವೈದ್ಯನು 1827ರಲ್ಲಿ, ಮೈ ಊದಿದ ಕೆಲವು ರೋಗಿಗಳ ಮೂತ್ರವನ್ನು ಕಾಯಿಸಿದರೆ ಅದು ಹೆಪ್ಪುಗಟ್ಟುವುದೆಂದೂ, ಅಂಥವರ ಮೂತ್ರಪಿಂಡಗಳು ಕೆಟ್ಟಿರುವುವೆಂದೂ ಪ್ರಕಟಪಡಿಸಿದ್ದನು. ಅದೇ ಆಸ್ಪತ್ರೆಯ ಪ್ರಸೂತಿವೈದ್ಯನಾದ ಜಾನ್ ಲೀವರ್, ಸೆಳವು ಬಂದ ಬಸುರಿಯರ ಊದಿದ ಮುಖವು ಬ್ರೈಟನ ರೋಗಿಗಳ ಮುಖವನ್ನು ಹೋಲುವುದನ್ನು ಗಮನಿಸಿ, ಅವರ ಮೂತ್ರವನ್ನೂ ಕಾಯಿಸಿ ನೋಡಿದನು. ಅದೂ ಹೆಪ್ಪುಗಟ್ಟಿತು. ಸುಖವಾಗಿದ್ದ ಬಸುರಿಯರ ಮೂತ್ರವನ್ನು ತರಿಸಿ ಕಾಯಿಸಿದನು. ಅದು ತಿಳಿಯಾಗಿಯೇ ಉಳಿಯಿತು. 1843ರಲ್ಲಿ ಆತನು ಇದನ್ನು ಬರೆದು ಪ್ರಕಟಿಸಿದನು. ಅದೇ ವರ್ಷ ಎಡಿನ್ಬರೋದಲ್ಲಿ ಜೇಮ್ಸ್ ಯಂಗ್ ಸಿಂಪ್ಸನನೂ ಸ್ವತಂತ್ರವಾಗಿ ಇದನ್ನೇ ಕಂಡನು. ನನ್ನ ಮಟ್ಟಿಗೆ ಲೀವರನ ಹಿರಿಮೆ ಇರುವುದು ಆತನು ರೋಗಿಗಳನ್ನು ನೋಡಿದುದರಲ್ಲಿ ಅಲ್ಲ, ರೋಗವಿಲ್ಲದವರನ್ನೂ ನೋಡಿದುದರಲ್ಲಿ.

ಆ ಪರೀಕ್ಷೆಯು ನಮ್ಮ ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಇತ್ತೀಚಿನವರೆಗೂ ನಡೆದುಕೊಂಡು ಬಂದದ್ದು. ಗಾಜಿನ ನಳಿಗೆಯಲ್ಲಿ ಮುಕ್ಕಾಲು ಭಾಗ ಮೂತ್ರವನ್ನು ತುಂಬಿ, ಬುಡವನ್ನು ಹಿಡಿದು, ನಳಿಗೆಯನ್ನು ಓರೆಮಾಡಿ, ಮೇಲಿನ ಭಾಗವನ್ನು ಮಾತ್ರ ಸ್ಪಿರಿಟ್ ದೀಪದ ಉರಿಗೆ ಒಡ್ಡುತ್ತಾರೆ. ಕೆಳಗಿನದು ತಣ್ಣಗೆ ತಿಳಿಯಾಗಿ ಉಳಿದು ಹೋಲಿಕೆಗೆ ಒದಗುತ್ತದೆ. ಮೇಲಿನದು ಕುದಿಯುವ ಹೊತ್ತಿಗೆ ಬೆಳ್ಳಗೆ ಕದಡಿದರೆ ಅದಕ್ಕೆ ಅಸಿಟಿಕ್ ಆಮ್ಲದ ಎರಡು ಮೂರು ಹನಿಗಳನ್ನು ಬಿಡಬೇಕು: ಕದಡು ಕರಗಿದರೆ ಅದು ನಿರುಪದ್ರವಿಯಾದ ಲವಣ, ಕರಗದೆ ಬೆಂದ ಮೊಟ್ಟೆಯ ಬಿಳಿಯಂತೆ ತೇಲಿ ನಿಂತರೆ ಅದು ರಕ್ತದಿಂದ ಸೋರಿ ಬಂದ ಆಲ್ಬುಮಿನ್. ದೀಪವೊಂದು, ನಳಿಗೆಯೊಂದು, ಹುಳಿಯ ಎರಡು ಮೂರು ಹನಿ. ಇಷ್ಟರಿಂದ ತಿಳಿಯುವಂಥ ಸಂಗತಿ ಇದು.

ಆದರೆ ತಿಳಿದವರು ಮಾಡಿದ್ದೇನು? ಸೆಳವು ಬಂದ ಮೇಲೆ ನರವನ್ನು ಚುಚ್ಚಿ ರಕ್ತ ಹರಿಸುವುದು ಆ ಕಾಲದ ಯೂರೋಪಿನ ಚಿಕಿತ್ಸೆಯಾಗಿದ್ದಿತು. ಮೊದಲೇ ಅಪಾಯದಲ್ಲಿದ್ದ ಎಷ್ಟೋ ಜೀವಗಳನ್ನು ಅದು ಇನ್ನಷ್ಟು ಬೇಗ ಮುಗಿಸಿರಬೇಕು. ಲೀವರನ ಸಂಶೋಧನೆಯಾಗಿ ಅರ್ಧ ಶತಮಾನ ಉರುಳಿದರೂ ಬಸುರಿಯು ವೈದ್ಯನ ಕಣ್ಣಿಗೆ ಬೀಳುತ್ತಿದ್ದುದು ನೋವು ಬಂದ ಮೇಲೆ, ಇಲ್ಲವೆ ಅನಾಹುತವಾದ ಮೇಲೆ. ರೋಗದ ಇನ್ನೊಂದು ಕುರುಹಂತೂ ಯಾವ ಕಣ್ಣಿಗೂ ಯಾವ ಕೈಗೂ ನಿಲುಕದ್ದು: ರಕ್ತದ ಒತ್ತಡ. ಇಟಲಿಯ ರಿವಾ ರೋಚಿಯು 1896ರಲ್ಲಿ ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನೂ, ರಷ್ಯದ ಕೊರೊಟ್ಕಾಫನು 1905ರಲ್ಲಿ ಅದರ ಕೆಳಗೆ ಕಿವಿಗೊಳಿಸಿ ನಾಡಿಯ ಸದ್ದನ್ನು ಕೇಳುವ ಕ್ರಮವನ್ನೂ ಹೊರತಂದ ಮೇಲೆಯೇ, ಸೆಳವಿಗೆ ಎಷ್ಟೋ ದಿನ ಮೊದಲು ಒತ್ತಡವು ಸದ್ದಿಲ್ಲದೆ ಏರುತ್ತ ಬಂದಿರುವುದೆಂಬುದು ಗೊತ್ತಾದದ್ದು.

ಇವುಗಳನ್ನೆಲ್ಲ ಒಂದು ಪದ್ಧತಿಯಾಗಿ ಹೆಣೆದವರಲ್ಲಿ ಎಡಿನ್ಬರೋದ ಜಾನ್ ವಿಲಿಯಂ ಬ್ಯಾಲಂಟೈನನ ಹೆಸರನ್ನು ಮೊದಲು ಹೇಳಬೇಕು. ಆತನ ಮೊದಲ ಆಸಕ್ತಿ ತಾಯಿಯಲ್ಲಲ್ಲ, ವಿಕಲವಾಗಿ ಹುಟ್ಟುವ ಶಿಶುಗಳಲ್ಲಿ. ಗರ್ಭದಲ್ಲಿಯೇ ಅವುಗಳ ಕೇಡನ್ನು ತಡೆಯಬೇಕಾದರೆ ಬಸುರಿಯನ್ನು ತಿಂಗಳುಗಳ ಹಿಂದೆಯೇ ನೋಡಬೇಕೆಂದು ಹೊರಟವನು, ಆ ದಾರಿಯಲ್ಲಿ ತಾಯಿಯನ್ನು ಕಂಡನು. ಹೆರಿಗೆಗೆ ಮುಂಚಿನ ಚಿಕಿತ್ಸೆಗಾಗಿಯೇ ಆಸ್ಪತ್ರೆಯೊಂದು ಬೇಕೆಂದು 1901ರಲ್ಲಿ ಆತನು ಬಿನ್ನವಿಸಿಕೊಂಡನು. ಆಸ್ಪತ್ರೆ ಬರಲಿಲ್ಲ, ಎಡಿನ್ಬರೋದ ಹೆರಿಗೆ ಆಸ್ಪತ್ರೆಯಲ್ಲಿ ಒಂದೇ ಒಂದು ಹಾಸಿಗೆ ದೊರೆಯಿತು. ಅದೇ ವರ್ಷ ಅಮೆರಿಕದ ಬಾಸ್ಟನ್ನಿನಲ್ಲಿ ದಾದಿಯರು ಬಸುರಿಯರ ಮನೆಗಳಿಗೆ ಹೋಗಿ ಬರತೊಡಗಿದರು. ಆ ಒಂದು ಹಾಸಿಗೆಯಿಂದ 1915ರ ಹೊತ್ತಿಗೆ ಎಡಿನ್ಬರೋದಲ್ಲಿ ಹೊರರೋಗಿಗಳ ಚಿಕಿತ್ಸಾಲಯ ಹುಟ್ಟಿತು. 1929ರಲ್ಲಿ ಬ್ರಿಟಿಷ್ ಆರೋಗ್ಯ ಇಲಾಖೆಯು, ಜಾನೆಟ್ ಕ್ಯಾಂಬೆಲ್ ಎಂಬ ವೈದ್ಯೆಯ ಮುಂದಾಳುತನದಲ್ಲಿ, 16, 24, 28ನೆಯ ವಾರಗಳಲ್ಲಿಯೂ, ಅನಂತರ 36ನೆಯ ವಾರದವರೆಗೆ ಹದಿನೈದು ದಿನಕ್ಕೊಮ್ಮೆಯೂ, ಆಮೇಲೆ ವಾರಕ್ಕೊಮ್ಮೆಯೂ ಬಸುರಿಯನ್ನು ಪರೀಕ್ಷಿಸಬೇಕೆಂದು ನಿಯಮಿಸಿತು. ನಮ್ಮ ಊರುಗಳಲ್ಲಿ ‘ತಿಂಗಳ ಚೆಕಪ್ಪು’ ಎಂದು ಹೆಂಗಸರು ಆಡುವ ಮಾತಿನ ಹಿಂದೆ ಇರುವುದು ಈ ವೇಳಾಪಟ್ಟಿಯೇ.

ಪರೀಕ್ಷೆಯ ಹಿರಿಮೆಯನ್ನು ಹೇಳುವಾಗ ಅದರ ಮಿತಿಯನ್ನೂ ಒಪ್ಪಬೇಕು. ಚಿಕಿತ್ಸಾಲಯಗಳು ಊರೂರಿಗೆ ಹಬ್ಬಿದ ಆ ವರ್ಷಗಳಲ್ಲಿಯೂ ಇಂಗ್ಲೆಂಡಿನಲ್ಲಿ ಸಾವಿರ ಹೆರಿಗೆಗೆ ನಾಲ್ಕೈದು ತಾಯಂದಿರ ಮರಣ ನಿಂತಲ್ಲೇ ನಿಂತಿತ್ತು. ಅದು ಇಳಿಯತೊಡಗಿದ್ದು 1930ರ ದಶಕದ ನಡುವಿನಲ್ಲಿ, ಬಾಣಂತಿಯ ಜ್ವರಕ್ಕೆ ಸಲ್ಫಾ ಔಷಧಿಗಳು, ಆಮೇಲೆ ರಕ್ತ ಪೂರಣ, ಒಳ್ಳೆಯ ಶಸ್ತ್ರಚಿಕಿತ್ಸೆ ಇವು ಜೊತೆಗೂಡಿದಾಗ. ಒತ್ತಡ ಏರಿದೆಯೆಂದು ಬರೆದುಕೊಂಡು ಮನೆಗೆ ಕಳುಹಿಸಿದರೆ ಆ ಬರೆವಣಿಗೆಯಿಂದ ಯಾರೂ ಬದುಕುವುದಿಲ್ಲ. ಆಕೆಯನ್ನು ಅಂದೇ ಸೇರಿಸಿಕೊಳ್ಳುವ ಹಾಸಿಗೆಯೂ ಅಗತ್ಯವಾದರೆ ಅಂದೇ ಹೆರಿಗೆ ಮಾಡಿಸಬಲ್ಲ ಕೈಯೂ ಅಲ್ಲಿಯೇ ಇರಬೇಕು.

ಭಾರತದ ಕಥೆಯು ಇನ್ನೂ ಕಠಿನವಾದದ್ದು. ಮದರಾಸಿನ ಎಗ್ಮೋರಿನ ಹೆರಿಗೆ ಆಸ್ಪತ್ರೆ 1844ರದು. 1885ರಲ್ಲಿ ವೈಸರಾಯಿಯ ಪತ್ನಿ ಲೇಡಿ ಡಫರಿನ್ ಹೆಸರಿನ ನಿಧಿ ಸ್ಥಾಪಿತವಾಗಿ ಹೆಂಗಸರಿಗೆ ಹೆಂಗಸರೇ ವೈದ್ಯೆಯರಾಗಿ ಒದಗುವ ಏರ್ಪಾಡು ಮೊದಲಾಯಿತು. ಆದರೆ ನಮ್ಮ ತಾಯಂದಿರು ಯಾವುದರಿಂದ ಸಾಯುತ್ತಿದ್ದಾರೆಂಬುದನ್ನು ಎಣಿಸಿ ತಿಳಿಯುವ ಕೆಲಸಕ್ಕೆ 1920ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಮಾರ್ಗರೆಟ್ ಬಾಲ್ಫರ್ ಎಂಬ ವೈದ್ಯೆ ಈ ವಿಚಾರಣೆಯನ್ನು ಕೈಗೊಂಡು, 1928ರಲ್ಲಿ ಲಂಡನ್ನಿನಿಂದ ಲೂಸಿ ವಿಲ್ಸ್ ಎಂಬಾಕೆಯನ್ನು ಮುಂಬಯಿಗೆ ಕರೆಸಿಕೊಂಡಳು. ಮುಂಬಯಿಯ ಗಿರಣಿ ಕೂಲಿಗಳ ಮನೆಯ ಬಸುರಿಯರು ರಕ್ತವೇ ನೀರಾದಂಥ ಪಾಂಡುರೋಗದಿಂದ ಸಾಯುತ್ತಿದ್ದುದರ ಕಾರಣವನ್ನು ಆಕೆ ಅವರ ಊಟದ ತಟ್ಟೆಯಲ್ಲಿಯೇ ಹುಡುಕಿದಳು. ಮುಂಬಯಿ, ಕೂನೂರು, ಮದರಾಸುಗಳಲ್ಲಿ ದುಡಿದು, ಅಗ್ಗದ ಯೀಸ್ಟಿನ ಸಾರದಿಂದ ಆ ರೋಗ ಗುಣವಾಗುವುದೆಂದು 1931ರಲ್ಲಿ ತೋರಿಸಿದಳು. ಅದರೊಳಗಿನ ಸತ್ತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾದದ್ದು. ಇಂದು ಪ್ರತಿಯೊಬ್ಬ ಬಸುರಿಯ ಕೈಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಅದೂ ಸೇರಿದೆ.

ಮುಂಬಯಿಯಲ್ಲಿಯೇ ನಡೆದ ಇನ್ನೊಂದು ವಿಚಾರಣೆಯು ಕನ್ನಡಿಗರಿಗೆ ಹೆಚ್ಚು ಆಪ್ತವಾಗಬೇಕಾದದ್ದು, ಅದನ್ನು ನಡೆಸಿದಾಕೆ ನಮ್ಮ ಶಿವಮೊಗ್ಗೆಯಲ್ಲಿ ಹುಟ್ಟಿದವಳು. ಬೆನೆ ಇಸ್ರೇಲ್ ಯೆಹೂದ್ಯ ಮನೆತನದ ಜೆರುಷಾ ಝಿರಾಡ್ ಇಂಗ್ಲೆಂಡಿಗೆ ಹೋಗಿ, ಲಂಡನ್ ವಿಶ್ವವಿದ್ಯಾನಿಲಯದಿಂದ ಪ್ರಸೂತಿ ವೈದ್ಯದಲ್ಲಿ ಎಂ.ಡಿ. ಪದವಿಯನ್ನು ಪಡೆದು, ಮುಂಬಯಿಯ ಕಾಮಾ ಆಸ್ಪತ್ರೆಯ ಅಧೀಕ್ಷಕಿಯಾಗಿ 1947ರವರೆಗೆ ಸೇವೆ ಸಲ್ಲಿಸಿದಳು. 1937–38ರಲ್ಲಿ ಆಕೆ ಆ ನಗರದ ತಾಯಂದಿರ ಮರಣದ ಕಾರಣಗಳನ್ನು ವಿಚಾರಿಸಿ ಬರೆದ ವರದಿಯು 1941ರಲ್ಲಿ ಪ್ರಕಟವಾಯಿತು. ಸತ್ತವಳು ಯಾರು, ಆಕೆಯನ್ನು ಮೊದಲು ನೋಡಿದವರು ಯಾರು, ಆಸ್ಪತ್ರೆಗೆ ತಂದದ್ದು ಯಾವಾಗ ಎಂಬ ಪ್ರಶ್ನೆಗಳು ಅಲ್ಲಿಯವರೆಗೆ ಮನೆಯ ಗೋಡೆಗಳ ಒಳಗೆ ಅಳುವಿನೊಡನೆ ಮುಗಿಯುತ್ತಿದ್ದುವು. ಝಿರಾಡ್ ಅವುಗಳನ್ನು ಶಾಸ್ತ್ರದ ಪ್ರಶ್ನೆಗಳನ್ನಾಗಿ ಮಾಡಿದಳು. ಶಿವಮೊಗ್ಗೆಯಲ್ಲಿ ಈಕೆಯ ಹೆಸರನ್ನು ಬಲ್ಲವರು ಇನ್ನೂ ಹೆಚ್ಚಾಗಬೇಕು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ದೇಶದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿಯು ಕೊಟ್ಟ ಅಂದಾಜು ಈಗಲೂ ಓದಿದವರನ್ನು ಬೆಚ್ಚಿಸುತ್ತದೆ: ಸಾವಿರ ಹೆರಿಗೆಗೆ 20 ತಾಯಂದಿರ ಮರಣ, ವರ್ಷಕ್ಕೆ ಸುಮಾರು ಎರಡು ಲಕ್ಷ. ಅದರಲ್ಲಿ ನಂಜಿನ ಪಾಲು ಸಣ್ಣದಾಗಿರಲಿಲ್ಲ.

ಮೈಸೂರು ಸಂಸ್ಥಾನವು ಈ ವಿಷಯದಲ್ಲಿ ಇತರರಿಗಿಂತ ಕೊಂಚ ಮುಂದೆ ನಡೆಯಿತೆಂದು ಹೇಳಬಹುದು. ರೀಜೆಂಟರಾಗಿದ್ದ ಮಹಾರಾಣಿಯವರ ಹೆಸರನ್ನು ಹೊತ್ತ ವಾಣಿವಿಲಾಸ ಆಸ್ಪತ್ರೆ ಬೆಂಗಳೂರಿನಲ್ಲಿ 1935ರಲ್ಲಿ ತೆರೆಯಿತು. ಅದೇ ದಶಕದಲ್ಲಿ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಗ್ರಾಮಾರೋಗ್ಯದ ಕೇಂದ್ರವೊಂದು ಕೆಲಸಮಾಡುತ್ತಿದ್ದಿತು. ಹಾಗಿದ್ದರೂ ಬಹುಪಾಲು ಹೆರಿಗೆಗಳು ಮನೆಯ ಹಿಂದಿನ ಕೋಣೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿಯೇ ಆಗುತ್ತಿದ್ದುವು. ಆ ಕೈಯನ್ನು ಹೀಯಾಳಿಸುವವರ ಪಂಕ್ತಿಯಲ್ಲಿ ನಾನಿಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಕೂಲಿಯನ್ನು ಬೇಡದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಗೌರವ ಪಡೆದು, ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಅಂಥವರ ಬೆರಳುಗಳು ಹೊಟ್ಟೆಯ ಮೇಲಿನಿಂದಲೇ ಶಿಶುವಿನ ತಲೆ ಎಲ್ಲಿದೆ, ಬೆನ್ನು ಯಾವ ಕಡೆಗಿದೆ ಎಂದು ಹೇಳುತ್ತಿದ್ದುವು. ಆದರೆ ಏರಿದ ಒತ್ತಡವನ್ನು ಜಗತ್ತಿನ ಯಾವ ಬೆರಳೂ ಅರಿಯಲಾರದು, ಮೂತ್ರದಲ್ಲಿ ಸೋರುವ ಸಾರವನ್ನು ಯಾವ ಅನುಭವವೂ ಕಾಣಲಾರದು. ಗಾಳಿಪಟ್ಟಿಯನ್ನೂ ಗಾಜಿನ ನಳಿಗೆಯನ್ನೂ ಸೂಲಗಿತ್ತಿಯ ಕೈಗೆ ಕೊಡದೆ ಹೋದದ್ದು ಆಕೆಯ ದೋಷವಲ್ಲ. ಮನೆಯ ಹೆಣ್ಣುಮಕ್ಕಳಿಗೆ ಈ ತಿಳಿವನ್ನು ತಿಳಿಗನ್ನಡದಲ್ಲಿ ಮುಟ್ಟಿಸಿದವರಲ್ಲಿ, ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನರನ್ನು ಇಲ್ಲಿ ನೆನೆಯದಿದ್ದರೆ ಅಪಚಾರವಾದೀತು. ಅವರ ‘ತಾಯಿ ಮಗು’ ಎಷ್ಟೋ ಮನೆಗಳಲ್ಲಿ ಮದುವೆಯಾದ ಮಗಳಿಗೆ ಉಡುಗೊರೆಯಾಗಿ ಹೋದ ಪುಸ್ತಕ.

ಔಷಧದ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ರಷ್ಯದ ಸ್ಟ್ರೊಗನಾಫನು ರೋಗಿಯನ್ನು ಕತ್ತಲೆಯ ನಿಶ್ಶಬ್ದವಾದ ಕೋಣೆಯಲ್ಲಿ ಮಲಗಿಸಿ, ಮಾರ್ಫಿಯ ಕ್ಲೋರಲುಗಳಿಂದ ಶಮನಗೊಳಿಸುವ ಕ್ರಮವನ್ನು ತಂದನು. ಜುಲಾಬಿಗೆ ಕುಡಿಯುವ ಎಪ್ಸಮ್ ಉಪ್ಪೇ ಆದ ಮೆಗ್ನೀಸಿಯಂ ಸಲ್ಫೇಟನ್ನು ಸೂಜಿಯ ಮೂಲಕ ಕೊಟ್ಟರೆ ಸೆಳವು ನಿಲ್ಲುವುದೆಂದು 1906ರಿಂದಲೇ ಕೆಲವರು ಹೇಳುತ್ತಿದ್ದರು. ಕೆಲವು ದೇಶಗಳು ನಂಬಿದುವು, ಕೆಲವು ನಂಬಲಿಲ್ಲ. ಭಾರತವೂ ಸೇರಿದಂತೆ ಹಲವು ದೇಶಗಳ 1,600ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದು 1995ರಲ್ಲಿ ಆ ವಿವಾದವನ್ನು ಮುಗಿಸಿತು: ಮೆಗ್ನೀಸಿಯಂ ಪಡೆದವರಲ್ಲಿ ಸೆಳವು ಮರುಕಳಿಸುವುದು ಶಾಮಕ ಔಷಧವಾದ ಡಯಾಜೆಪಾಮ್ ಪಡೆದವರಲ್ಲಿ ಕಂಡುದರ ಅರ್ಧಕ್ಕೂ ಕಡಿಮೆಯಾಗಿದ್ದಿತು. ಇಷ್ಟು ಅಗ್ಗದ ಉಪ್ಪಿನ ಗುಣ ನಿರ್ಣಯವಾಗಲು ಸುಮಾರು ತೊಂಬತ್ತು ವರ್ಷಗಳು ಬೇಕಾದುವು. ರೋಗಿಗಳು ಬಡ ನಾಡುಗಳ ಹೆಂಗಸರಲ್ಲದೆ ಬೇರೆಯವರಾಗಿದ್ದರೆ ಅಷ್ಟು ಕಾಲ ಹಿಡಿಯುತ್ತಿರಲಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಇನ್ನು ರೋಗದ ಮೂಲವು ಮಾಸಿನಲ್ಲಿ, ಎಂದರೆ ಪ್ಲಾಸೆಂಟಾದಲ್ಲಿ, ಇದೆ, ಮಾಸಿಗೆ ರಕ್ತವನ್ನು ತರುವ ಗರ್ಭಕೋಶದ ನಾಳಗಳು ಹಿಗ್ಗಬೇಕಾದಷ್ಟು ಹಿಗ್ಗದಿರುವುದರಲ್ಲಿದೆ ಎಂಬಷ್ಟು ಈಗ ತಿಳಿದಿದೆ. ಹಸಿದ ಆ ಮಾಸು ತಾಯಿಯ ರಕ್ತಕ್ಕೆ ಬಿಡುವ ವಸ್ತುಗಳು ಆಕೆಯ ಮೈಯೆಲ್ಲ ನಾಳಗಳ ಒಳಪದರವನ್ನು ಕೆಡಿಸುತ್ತವೆ. ಮಾಸು ಹೊರಬೀಳುವವರೆಗೆ ರೋಗಕ್ಕೆ ಪೂರ್ಣ ನಿವೃತ್ತಿಯಿಲ್ಲ. ಬಿದ್ದ ಮೇಲೂ ಕೆಲವು ದಿನ ಸೆಳವು ಬರಬಹುದಾದುದರಿಂದ, ಮಗು ಹುಟ್ಟಿತೆಂದು ಕಾವಲನ್ನು ಸಡಿಲಿಸುವಂತಿಲ್ಲ.

ಝಿರಾಡ್ ಎತ್ತಿದ ಪ್ರಶ್ನೆಗಳನ್ನು ಇಂಗ್ಲೆಂಡು 1952ರಿಂದ ಪ್ರತಿ ತಾಯಿಯ ಮರಣಕ್ಕೂ ಗೋಪ್ಯವಾಗಿ ಕೇಳುತ್ತ ಬಂದಿದೆ. ನಮ್ಮಲ್ಲಿ ಕೇರಳವು 2004ರಲ್ಲಿ ಆ ದಾರಿ ಹಿಡಿಯಿತು. 2010ರಿಂದ ಇಡೀ ದೇಶಕ್ಕೆ ಅಂಥ ವಿಚಾರಣೆಯ ನಿಯಮ ಬಂದಿದೆ. 2018–20ರ ಗಣನೆಯಂತೆ ಲಕ್ಷ ಹೆರಿಗೆಗೆ ತಾಯಂದಿರ ಮರಣ ಭಾರತದಲ್ಲಿ 97, ಕರ್ನಾಟಕದಲ್ಲಿ 69, ಕೇರಳದಲ್ಲಿ 19. ಭೋರ್ ಸಮಿತಿಯ ಅಂದಾಜಿನ, ಎಂದರೆ ಲಕ್ಷಕ್ಕೆ ಎರಡು ಸಾವಿರದಿಂದ ಇಲ್ಲಿಗೆ ಇಳಿದು ಬಂದದ್ದು ದೊಡ್ಡ ದಾರಿಯೇ ಸರಿ. ಆದರೆ ನೆರೆಯ ನಾಡಿನ 19ನ್ನು ನೋಡಿದ ಮೇಲೆ ನಮ್ಮ 69ರಲ್ಲಿ ಐವತ್ತು ಮರಣಗಳು ಅನಿವಾರ್ಯವೆಂದು ಹೇಳುವ ಹಕ್ಕು ನಮಗಿಲ್ಲ. ಮರಣವಾದ ಮನೆಗೆ ಹೋಗುವ ವಿಚಾರಣೆಯವರು ಬಸುರಿಯ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡನ್ನು ಕೇಳಿ ಪಡೆದು, ಪಾದ ಊದಿತ್ತೆ, ತಲೆನೋವೆಂದಿದ್ದಳೆ, ಒತ್ತಡವನ್ನು ಕಡೆಯದಾಗಿ ನೋಡಿದ್ದು ಎಂದು, ಹೊರಡಬೇಕೆಂದು ನಿಶ್ಚಯಿಸಲು ಎಷ್ಟು ಹೊತ್ತಾಯಿತು, ವಾಹನ ಬರಲು ಎಷ್ಟು, ಆಸ್ಪತ್ರೆ ಸೇರಿದ ಮೇಲೆ ಚಿಕಿತ್ಸೆ ಮೊದಲಾಗಲು ಎಷ್ಟು ಎಂದು ಬರೆದುಕೊಳ್ಳುತ್ತಾರೆ. ಆ ಹಾಳೆಗಳು ಜಿಲ್ಲೆಯ ಸಭೆಗೆ ಬರುತ್ತವೆ. ಅಂಥ ಪ್ರತಿ ಸಭೆಯೂ, ಹೊಸ ಹಾಳೆಯನ್ನು ಕೈಗೆತ್ತಿಕೊಳ್ಳುವ ಮುನ್ನ, ಹಿಂದಿನ ಸಭೆಯಲ್ಲಿ ಕಂಡ ಕೊರತೆಯನ್ನು ಯಾರು, ಯಾವ ದಿನ ಸರಿಪಡಿಸಿದರೆಂಬುದನ್ನು ಓದಿಸಿ ಕೇಳಬೇಕು.